ಗಂಧಕದ ಹೆದರಿಕೆ: ಎಲ್ಲಿ ಬೇಕು, ಎಲ್ಲಿ ಬೇಡ

ಮಳೆಗಾಲ ಹಿಡಿಯಿತೆಂದರೆ ಕೊಲ್ಲಮೊಗ್ರು ಕಡೆ ಅಡಿಕೆಗೆ ಕೊಳೆರೋಗ, ಕೆಲವರಿಗೆ ದಮ್ಮು. ತೋಟಕ್ಕೆ ಹೊಡೆಯುವ ಮೈಲುತುತ್ತು ತಾಮ್ರದ ಸಲ್ಫೇಟ್. ದಮ್ಮಿನವರು ಜಾಗ್ರತೆಯಾಗಿರಬೇಕಾದ ಆಹಾರ ಸಂರಕ್ಷಕ ಸಲ್ಫೈಟ್. ಎರಡೂ ಬೇರೆಯೇ. ಮೈಲುತುತ್ತಿನ ಬೋರ್ಡೋ ಸಿಂಪಡಣೆಯ ಹನಿ ಮೂಗಿಗೆ ಹೋದರೆ ಕೆಮ್ಮು ಬಂದೀತು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆದರೆ ಅದಕ್ಕೂ ಸಲ್ಫೈಟಿಗೂ ಸಂಬಂಧವಿಲ್ಲ. ಸಲ್ಫಾ ಮಾತ್ರೆಯ ಅಲರ್ಜಿಯೂ ಬೇರೆಯದೇ.

ಅಸ್ತಮಾ ಇದ್ದವರೆಲ್ಲ ಸಲ್ಫೈಟ್ ಬಿಡಬೇಕೆಂಬ ಮಾತೂ ಸರಿಯಲ್ಲ. ಅಂದಾಜಿನಂತೆ ಅವರಲ್ಲಿ 100ಕ್ಕೆ 3ರಿಂದ 10 ಮಂದಿಗಷ್ಟೇ ಅದು ಆಗುವುದಿಲ್ಲ. ಕಾಯಿಲೆ ಹತೋಟಿಗೆ ಬಾರದವರಿಗೆ ಅಪಾಯ ಜಾಸ್ತಿ. ಹುಳಿಯೊಡನೆ ಸೇರಿದ ಸಲ್ಫೈಟ್ ಸಲ್ಫರ್ ಡೈಆಕ್ಸೈಡ್ ಅನಿಲ ಬಿಡುತ್ತದೆ. ಅದು ಉಸಿರಿಗೆ ಸಿಕ್ಕಿ ಶ್ವಾಸನಾಳ ಬಿಗಿಯುತ್ತದೆ. ಹುಳಿ ಪಾನೀಯ ಕುಡಿದ ಕೆಲವೇ ನಿಮಿಷಗಳಲ್ಲಿ ಎದೆ ಹಿಡಿದುಕೊಳ್ಳುವುದು ಹೀಗೆ. ಚರ್ಮ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಇದು ಹೆಚ್ಚಾಗಿ ತಿಳಿಯದು. ಆಸ್ಪತ್ರೆಯಲ್ಲಿ ವೈದ್ಯರೆದುರು ಸ್ವಲ್ಪಸ್ವಲ್ಪವೇ ಕೊಟ್ಟು ನೋಡಬೇಕು. ಮನೆಯಲ್ಲಿ ಆ ಪ್ರಯೋಗ ಬೇಡ.

ಪಾಪದ ಪುನರ್ಪುಳಿ ಸರಬತ್ತಿನ ಮೇಲೆ ಸುಮ್ಮನೆ ಸಂಶಯ! ಸಲ್ಫೈಟ್ ಹಾಕಿದರೆ ಅದರ ಕೆಂಪು ಬಿಳಚಿಕೊಳ್ಳುತ್ತದೆ. ಆದ್ದರಿಂದ ಬಣ್ಣದ ರಸಗಳಿಗೆ ಸೋಡಿಯಂ ಬೆಂಜೋಯೇಟ್ ಹಾಕುವುದೇ ರೂಢಿ. ನೋಡಬೇಕಾದದ್ದು ಲಿಂಬೆ, ಅನಾನಸಿನಂಥ ತೆಳುಬಣ್ಣದ ಸ್ಕ್ವಾಷುಗಳನ್ನು. ಅವುಗಳಿಗೆ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಬೀಳುತ್ತದೆ. ಹೊಂಬಣ್ಣದ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದುಂಟು. ಬೆಲ್ಲವೆಂದರೆ ಶುದ್ಧ ಎಂದು ನಂಬುವವರು ಆಲೆಮನೆಯಲ್ಲಿ ಬಣ್ಣ ತಿಳಿಯಾಗಲು ಹಾಕುವ ಹೈಡ್ರೋಸ್ ಎಂಬ ಗಂಧಕದ ಪುಡಿಯನ್ನು ಮರೆತಿರುತ್ತಾರೆ. ಫಳಫಳ ಹಳದಿ ಬೆಲ್ಲಕ್ಕಿಂತ ಕಪ್ಪು ಬೆಲ್ಲವೇ ನನಗೆ ಹೆಚ್ಚು ಭರವಸೆಯದು. ಆಹಾರವನ್ನು ತೊಳೆದರೆ, ಕುದಿಸಿದರೆ ಸಲ್ಫೈಟ್ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು.

ಅಮೆರಿಕದಲ್ಲಿ ಹೋಟೆಲಿನ ಹಸಿ ತರಕಾರಿ ತಿಂದ ಅಸ್ತಮಾ ರೋಗಿಗಳು ಸತ್ತ ಮೇಲೆ, 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು-ತರಕಾರಿಗೆ ಸಲ್ಫೈಟ್ ಹಾಕುವುದನ್ನೇ ನಿಷೇಧಿಸಿದರು. ನಮ್ಮಲ್ಲಿ 2020ರ ಲೇಬಲ್ ನಿಯಮದಂತೆ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ಹೇಳಬೇಕು. ಅಲ್ಲಿ ಸಲ್ಫೈಟುಗಳ ಸಂಕೇತವಾದ 220ರಿಂದ 228ರವರೆಗಿನ ಸಂಖ್ಯೆಗಳನ್ನು ಹುಡುಕಿ. ಸಂತೆಯ ಬಿಡಿ ಸಾಮಾನಿಗೆ ಲೇಬಲ್ಲೇ ಇಲ್ಲ, ಅಲ್ಲಿ ಅಂಗಡಿಯವರನ್ನೇ ಕೇಳಬೇಕು.

ಇನ್ನೊಂದು ಮಾತು. ಅಲರ್ಜಿಯಿಂದ ಜೀವಕ್ಕೆ ಅಪಾಯವಾದಾಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದಿನಲ್ಲೂ ಸಾಮಾನ್ಯವಾಗಿ ಚೂರು ಸಲ್ಫೈಟ್ ಇರುತ್ತದೆ. ಸಲ್ಫೈಟ್ ಆಗದವರೂ ಅದನ್ನು ಬೇಡ ಎನ್ನಬಾರದು.