ಮುಂದೇನು? – ಊಟದ ಪಂಕ್ತಿಯಲ್ಲಿ ಸಿಕ್ಕ ಮಾತು

ಹತ್ತು, ಹನ್ನೆರಡನೆಯ ತರಗತಿಯ ಮಕ್ಕಳನ್ನು ಗಡಹಿಂಗ್ಲಜ, ಇಚಲಕರಂಜಿ ಕಡೆಯಿಂದ ಕೊಲ್ಲಾಪುರಕ್ಕೆ ಕರೆಸಿ, ಬೇರೆ ಬೇರೆ ಉದ್ಯೋಗದಲ್ಲಿರುವವರಿಂದ ನಾಲ್ಕು ಮಾತು ಹೇಳಿಸಿ, ಊಟ ಹಾಕಿ ಕಳುಹಿಸೋಣ ಎಂದು ನಾವು ಹೊರಟಾಗ ಹಿರಿಯರೊಬ್ಬರು, "ಫಾದರ್, ಊಟಕ್ಕ ಯಾಕ ಇಷ್ಟ ಖರ್ಚು? ಚಹಾ ಬಿಸ್ಕೀಟು ಸಾಲೂದಿಲ್ಲೇನ್ರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಊರಿನಲ್ಲಿ ಅದಕ್ಕೆ ನೂರು ವರ್ಷಕ್ಕೂ ಹಳೆಯ ಉತ್ತರವಿದೆ.

ಶಾಹು ಮಹಾರಾಜರ ಕಾಲದಲ್ಲಿ ಹಳ್ಳಿಯ ಬಡ ಹುಡುಗ ಕೊಲ್ಲಾಪುರಕ್ಕೆ ಬಂದು ಓದಬೇಕೆಂದರೆ ಶಾಲೆಯ ಬಾಗಿಲಿಗಿಂತ ಮೊದಲು ಅಡ್ಡ ಬರುತ್ತಿದ್ದುದು ಅನ್ನ ಮತ್ತು ವಸತಿ. ಅನ್ಯ ಜಾತಿಯ ಹುಡುಗನಿಗೆ ಯಾರ ಮನೆಯಲ್ಲಿ ಜಾಗ? ಅದಕ್ಕಾಗಿ ಮಹಾರಾಜರು ವಸತಿಗೃಹಗಳಿಗೆ ಬೆಂಬಲ ಕೊಟ್ಟರು. 1901ರಲ್ಲಿ ಮರಾಠರಿಗೆ, ಜೈನರಿಗೆ; 1906ರಲ್ಲಿ ಲಿಂಗಾಯತರಿಗೆ, ಮುಸಲ್ಮಾನರಿಗೆ; 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ; 1915ರಲ್ಲಿ ನಮ್ಮ ಕ್ರೈಸ್ತ ಮಕ್ಕಳಿಗೂ ಒಂದು. ಜಾತಿಗೊಂದು ವಸತಿಗೃಹವೇ ಎಂದು ಇಂದು ನಮಗೆ ಮುಜುಗರವಾಗಬಹುದು. ಒಟ್ಟಿಗೆ ಕೂರದವರ ಕಾಲದಲ್ಲಿ ಎಲ್ಲರನ್ನೂ ಶಾಲೆಗೆ ತರಲು ಅವರಿಗೆ ಕಂಡ ದಾರಿ ಅದು.

ಆ ಗೋಡೆಯನ್ನೂ ಒಬ್ಬ ವಿದ್ಯಾರ್ಥಿ ದಾಟಿದ. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಜೈನ ವಸತಿಗೃಹದಲ್ಲಿದ್ದುಕೊಂಡು ಓದುತ್ತಿದ್ದರು. (ಅವರ ಪೂರ್ವಜರು ನಮ್ಮ ಮೂಡಬಿದಿರೆಯವರು ಎಂಬುದು ಅನೇಕರಿಗೆ ಗೊತ್ತಿಲ್ಲ.) ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದವರು ಸ್ನಾನ ಮಾಡಿ ಒಳಗೆ ಬರಬೇಕೆಂದಾಗ ಒಪ್ಪದೆ ಹೊರಬಿದ್ದರು. ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರಾದಲ್ಲಿ ಆರಂಭಿಸಿದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ದವಸ ಮುಗಿದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಉಣಬಡಿಸಿದರು. ಇದನ್ನು ಓದಿದ ಮೇಲೆ ಚಹಾ ಬಿಸ್ಕೀಟಿನ ಮಾತು ನಮ್ಮಲ್ಲಿ ಮತ್ತೆ ಬರಲಿಲ್ಲ.

ಬೆಳಗಿನ ಸಭೆ ಹೇಳಿಕೊಳ್ಳುವಂತಿರಲಿಲ್ಲ. ತಪ್ಪು ನಮ್ಮದೇ. ಭಾಷಣಗಳು ಉದ್ದವಾದವು, ಮಕ್ಕಳು ತೂಕಡಿಸಿದರು. "ಪ್ರಶ್ನೆ ಕೇಳಿ" ಎಂದರೆ ಎಲ್ಲರೂ ನೆಲ ನೋಡುವವರೇ. ರೊಟ್ಟಿ, ಝುಣಕ, ಅನ್ನ ಸಾರು ಬಂದ ಮೇಲೆ ಬಾಯಿ ಬಿಚ್ಚಿದವು. ಅತಿಥಿಗಳನ್ನು ಬೇರೆ ಮೇಜಿಗೆ ಕೂರಿಸದೆ ಮಕ್ಕಳ ನಡುವೆಯೇ ಕೂರಿಸಿದ್ದೆವು. ನಾವು ಅಂದು ಮಾಡಿದ ಒಂದು ಜಾಣತನ ಅದೇ ಇರಬೇಕು.

ಇಚಲಕರಂಜಿಯ ಹುಡುಗನ ತಂದೆ ಮಗ್ಗದ ಕಾರ್ಮಿಕರು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ತಂದ ಊರು ಅದು. "ಅಪ್ಪ ಈಗ್ಲೇ ಮಗ್ಗಕ್ಕ ಬಾ ಅಂತಾನ" ಎಂದ. ಪಕ್ಕದಲ್ಲಿದ್ದ ಫಿಟ್ಟರ್ ಅವನಿಗೆ ಐ.ಟಿ.ಐ., ಡಿಪ್ಲೊಮಾಗಳ ವ್ಯತ್ಯಾಸ ಬಿಡಿಸಿ ಹೇಳಿದರು. ಮಗ್ಗ ಓಡಿಸುವವನೇ ಮಗ್ಗ ರಿಪೇರಿಯನ್ನೂ ಕಲಿತರೆ ಮಾಲೀಕ ಮನೆಗೆ ಬಂದು ಕರೆಯುತ್ತಾನೆ ಎಂದರು.

ಗಡಹಿಂಗ್ಲಜ ಕಡೆಯ ಹುಡುಗಿಯೊಬ್ಬಳು ನರ್ಸ್ ಬಳಿ ಮೆಲ್ಲಗೆ, "ಅಕ್ಕಾರ, ನಾವು ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಇಂಗ್ಲಿಷ್ ತಪ್ಪಿದ್ರ ನಗ್ತಾರೇನ್ರಿ?" ಎಂದಳು.

"ನಗ್ತಾರವ್ವ. ನನಗೂ ನಕ್ಕಾರ. ಆಮ್ಯಾಲ ಹಳ್ಳಿ ರೋಗಿಗಳು ಬಂದಾಗ ಅವರ ಮಾತು ವಾರ್ಡಿನ್ಯಾಗ ನನಗಷ್ಟ ತಿಳೀತಿತ್ತು. ನಕ್ಕವರ ನನ್ನ ಕರ್ಯಾಕ ಬಂದ್ರು."

ಆ ಹುಡುಗಿಯ ತಂದೆ ಮಗಳನ್ನು ದೂರ ಕಳಿಸಲು ಒಪ್ಪದವರು. ಬೆಳಗಿನಿಂದ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ನಾವು ಬಡಿಸಲು ಹೋದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು, ತಲೆ ಎತ್ತದೆ ಕೇಳಿದರು:

"ಫಾದರ್, ಆ ಹಾಸ್ಟೆಲಿನ್ಯಾಗ ಊಟ ಹೆಂಗಿರ್ತೈತ್ರಿ?"