ರಸ್ತೆ ಏರಿತು, ಮನೆ ಇಳಿಯಿತು

2022ರ ಜುಲೈ. ಪುಣೆಯ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದಾಗ ಅಪ್ಪನ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವರು ಎಂದೂ ಫೋನ್ ಮಾಡುವವರಲ್ಲ. ಗಾಬರಿಯಿಂದ ಹೊರಗೆ ಬಂದು ಎತ್ತಿದೆ.

"ಏನಿಲ್ಲಪಾ, ಮಳಿ ನೀರು ಪಡಸಾಲಿಗೆ ಬಂದೈತಿ. ಕೆಳಗಿನ ಕಪಾಟಿನ್ಯಾಗಿನ ಪುಸ್ತಕ ತೊಯ್ದಾವು. ನೀ ಗಾಬರಿ ಆಗಬ್ಯಾಡ," ಅಂದರು.

ನಮ್ಮೂರು ಹಾವೇರಿ ಕಡೆಯ ಒಂದು ಸಣ್ಣ ಪಟ್ಟಣ. ಅವ್ವ ತೀರಿಕೊಂಡ ಮೇಲೆ ಅಪ್ಪ ಅಲ್ಲಿ ಒಬ್ಬರೇ ಇದ್ದಾರೆ. ನಿವೃತ್ತ ಮೇಷ್ಟ್ರು. ಪುಣೆಗೆ ಬನ್ನಿ ಅಂದರೆ ಬರುವುದಿಲ್ಲ. ನಾನು ಚಿಕ್ಕವನಿದ್ದಾಗ ಬೀದಿಯಿಂದ ಮನೆಗೆ ಬರಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಮೇಲೆ ಬಂದಿದೆ. ಮೊದಲು ಮಣ್ಣಿನ ರಸ್ತೆ, ಆಮೇಲೆ ಜಲ್ಲಿ, ಆಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು, ಅದು ಒಡೆದ ಮೇಲೆ ಅದರ ಮೇಲೆಯೇ ಇನ್ನೊಂದು ಕಾಂಕ್ರೀಟು. ಪ್ರತಿ ಸಲ ರಸ್ತೆ ಆದಾಗಲೂ ಅಪ್ಪ ಬಾಗಿಲ ಪಕ್ಕದ ಕಲ್ಲುಕಂಬದ ಮೇಲೆ ಒಂದು ಗೆರೆ ಎಳೆದು ಇಸವಿ ಬರೆದಿದ್ದಾರೆ. ಹಬ್ಬಕ್ಕೆ ಹೋದಾಗಲೆಲ್ಲ ಆ ಗೆರೆಗಳನ್ನು ನೋಡಿದ್ದೇನೆ. ನೋಡಿ ನಕ್ಕಿದ್ದೇನೆ ಕೂಡ.

ಆ ದಿನ ನಾನು ಹೇಳಿದ್ದು ಒಂದೇ ಮಾತು: "ಮನೆನೇ ಎತ್ತರಿಸಿಬಿಡೋಣ, ದುಡ್ಡು ನಾನು ಕೊಡ್ತೀನಿ."

"ನಮ್ಮದು ಎತ್ತರಿಸಿದರ ಆ ನೀರು ಬಾಜೂ ಮನಿಗೆ ಹೋಗತೈತಿ," ಅಂದರು ಅಪ್ಪ.

ಪಕ್ಕದಲ್ಲಿರುವುದು ಹಳೆಯ ಮಾಳಿಗೆ ಮನೆ. ಮಣ್ಣಿನ ಗೋಡೆ. ಅಲ್ಲಿ ಒಬ್ಬ ವಯಸ್ಸಾದ ಅಜ್ಜಿ ಒಂಟಿಯಾಗಿದ್ದರು. ಅವರ ಮನೆಯನ್ನು ಯಾರೂ ಎತ್ತರಿಸುವಂತಿಲ್ಲ.

ಏಪ್ರಿಲ್‌ನ ರಿಯಾಯಿತಿ

ನಮ್ಮಲ್ಲಿ ಎಷ್ಟೋ ಜನರಿಗೆ ಊರಿನ ಪುರಸಭೆ ನೆನಪಾಗುವುದು ಏಪ್ರಿಲ್ ತಿಂಗಳಲ್ಲಿ. ಆಗ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ. ಕಟ್ಟಿ, ರಸೀದಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ವರ್ಷದ ನಮ್ಮ ನಾಗರಿಕ ಕರ್ತವ್ಯ ಮುಗಿಯಿತು. ಆ ದುಡ್ಡು ಯಾವುದಕ್ಕೆ ಹೋಗುತ್ತದೆ, ಯಾರು ತೀರ್ಮಾನ ಮಾಡುತ್ತಾರೆ ಎಂದು ನಾನು ಕೇಳಿದವನಲ್ಲ.

ತಮಾಷೆ ಅಂದರೆ, ಬಾಡಿಗೆ ಮನೆಯಲ್ಲಿರುವ ಪುಣೆಯಲ್ಲಿ ನಾನು ಕೇಳಿದ್ದೆ. ಪುಣೆ ಮಹಾನಗರಪಾಲಿಕೆ 2006ರಿಂದ ನಾಗರಿಕರ ಸಹಭಾಗಿತ್ವದ ಬಜೆಟ್ ಎಂಬ ಪದ್ಧತಿ ಇಟ್ಟುಕೊಂಡಿದೆ. ನಮ್ಮ ಬೀದಿಗೆ ಏನು ಬೇಕು ಎಂದು ಒಂದು ಅರ್ಜಿ ತುಂಬಿ ವಾರ್ಡ್ ಆಫೀಸಿಗೆ ಕೊಡಬಹುದು. ನಮ್ಮ ಸೊಸೈಟಿಯವರ ಜೊತೆ ಸೇರಿ ನಾನೂ ಒಂದು ಫುಟ್‌ಪಾತ್‌ಗೆ ಅರ್ಜಿ ಬರೆದಿದ್ದೆ. ಅದೂ ಮರಾಠಿಯಲ್ಲಿ. ಹುಟ್ಟಿದ ಊರಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದಿರಲಿಲ್ಲ.

ಬಜೆಟ್ ಪುಸ್ತಕ

ಆ ವರ್ಷ ದಸರೆಗೆ ಹೋದಾಗ ಪುರಸಭೆಯಿಂದ ಹಿಂದಿನ ಬಜೆಟ್‌ನ ಪ್ರತಿ ತಂದೆ. ದಿನವಿಡೀ ಎಕ್ಸೆಲ್ ಶೀಟ್ ನೋಡುವವನು ನಾನು, ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ ಅಂದುಕೊಂಡಿದ್ದೆ. ಮೂರು ದಿನ ಹಿಡಿಯಿತು.

ನಮ್ಮ ರಾಜ್ಯದಲ್ಲಿ 20 ಸಾವಿರದಿಂದ 50 ಸಾವಿರದವರೆಗಿನ ಜನಸಂಖ್ಯೆಯ ಪಟ್ಟಣಕ್ಕೆ ಪುರಸಭೆ, ಅದಕ್ಕಿಂತ ಚಿಕ್ಕದಕ್ಕೆ ಪಟ್ಟಣ ಪಂಚಾಯಿತಿ, ದೊಡ್ಡದಕ್ಕೆ ನಗರಸಭೆ. ಪುರಸಭೆಯ ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ. ಉಳಿದದ್ದು ಮೇಲಿನಿಂದ ಬರಬೇಕು. ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಎಫ್.ಸಿ., ಬರುವಾಗಲೇ ವೇತನಕ್ಕೆ ಇಷ್ಟು, ವಿದ್ಯುತ್‌ಗೆ ಇಷ್ಟು, ಮುಕ್ತ ನಿಧಿ ಇಷ್ಟು ಎಂದು ಹಂಚಿಕೊಂಡೇ ಬರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ಭಾಗಕ್ಕೆ ಷರತ್ತು ಇತ್ತು: ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಅರ್ಧ ಕಸ ಮತ್ತು ನೈರ್ಮಲ್ಯಕ್ಕೆ. ಇವುಗಳ ಜೊತೆಗೆ ಪರಿಶಿಷ್ಟರ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎತ್ತಿಡಬೇಕು. ಅದು ಎತ್ತಿಡಲೇಬೇಕಾದದ್ದು, ಅದರಲ್ಲಿ ತಕರಾರಿಲ್ಲ.

ಇಷ್ಟೆಲ್ಲ ಕಳೆದ ಮೇಲೆ ಪುರಸಭೆ ತನ್ನ ಬುದ್ಧಿಯಿಂದ ಖರ್ಚು ಮಾಡಬಹುದಾದ ದುಡ್ಡು ತಟ್ಟೆಯ ಅಂಚಿನ ಉಪ್ಪಿನಕಾಯಿಯಷ್ಟು ಉಳಿಯುತ್ತದೆ. ಚರಂಡಿ ಹೂಳು, ಒಡೆದ ಮೋರಿ, ಕೆಟ್ಟ ಮೋಟಾರು, ಎಲ್ಲವೂ ಅದರಲ್ಲೇ ಆಗಬೇಕು. ಆದರೂ ಮರುದಿನ ಪತ್ರಿಕೆಯಲ್ಲಿ "ಉಳಿತಾಯ ಬಜೆಟ್ ಮಂಡನೆ" ಎಂದು ಬರುತ್ತದೆ. ಬಾಕಿ ಬಿದ್ದ ಕರವೆಲ್ಲ ಈ ವರ್ಷ ವಸೂಲಾದೀತು ಎಂದು ಬರೆದುಕೊಂಡರೆ ಉಳಿತಾಯ ಬರದೇ ಏನು?

ರಸ್ತೆ ಯಾಕೆ ಏರುತ್ತದೆ

ಹಳೆಯ ರಸ್ತೆಯನ್ನು ಕಿತ್ತು ಹೊಸದು ಹಾಕದೆ ಅದರ ಮೇಲೆಯೇ ಯಾಕೆ ಹಾಕುತ್ತೀರಿ ಎಂದು ಅಲ್ಲಿನ ಕಿರಿಯ ಎಂಜಿನಿಯರ್‌ರನ್ನು ಕೇಳಿದೆ. ಭ್ರಷ್ಟಾಚಾರದ ಕಥೆ ಕೇಳಲು ಸಿದ್ಧವಾಗಿ ಹೋಗಿದ್ದೆ. ಅವರು ಕೊಟ್ಟದ್ದು ಲೆಕ್ಕ.

"ಸರ್, ಹಳೇ ಕಾಂಕ್ರೀಟ್ ಒಡೀಬೇಕು, ಸಾಗಿಸಬೇಕು, ತಳ ತೆಗೀಬೇಕು. ಅಷ್ಟೂ ಖರ್ಚು ಎಸ್ಟಿಮೇಟಿನ್ಯಾಗ ಹಾಕಿದರ ಅದೇ ದುಡ್ಡಿಗೆ ರಸ್ತೆ ಉದ್ದ ಕಡಿಮಿ ಆಗತೈತಿ. ನೂರು ಮೀಟರ್ ಆಗೋ ಕಡೆ ಎಪ್ಪತ್ತ ಮೀಟರ್ ಆತು ಅಂದ್ರ ಉಳಿದ ಮೂವತ್ತು ಮೀಟರ್‌ನ್ಯಾಗ ಇದ್ದವರು ನನ್ನ ಬಿಡತಾರೇನ್ರಿ?"

ಉದ್ದ ಎಲ್ಲರಿಗೂ ಕಾಣುತ್ತದೆ. ಎತ್ತರ ಮಳೆ ಬಂದಾಗ ಮಾತ್ರ ಕಾಣುತ್ತದೆ, ಅದೂ ತಗ್ಗಿನಲ್ಲಿ ಇದ್ದವರಿಗೆ ಮಾತ್ರ. ನಮ್ಮ ಬೀದಿಯ ಎದುರು ಸಾಲಿನಲ್ಲಿ ಈಗ ಎಲ್ಲವೂ ಹೊಸ ಮನೆಗಳು, ಮೂರು ಅಡಿ ಎತ್ತರದ ತಳಪಾಯ, ಮುಂದೆ ಕಾರು ಹತ್ತುವ ಇಳಿಜಾರು. ಅವರಿಗೆ ರಸ್ತೆ ಏರಿದಷ್ಟೂ ಒಳ್ಳೆಯದೇ. ನೀರು ಯಾರ ಮನೆಗೆ ಹೋಗಬೇಕು ಎಂಬುದನ್ನು ರಸ್ತೆಯ ಎತ್ತರ ತೀರ್ಮಾನಿಸುತ್ತದೆ ಎಂದು ನನಗೆ ಆಗ ಹೊಳೆಯಿತು. ಆದರೆ ಬಜೆಟ್ ಪುಸ್ತಕದಲ್ಲಿ ಎತ್ತರಕ್ಕೆ ಕಾಲಂ ಇಲ್ಲ.

ಪೂರ್ವಭಾವಿ ಸಭೆ

ಬಜೆಟ್ ಮಾಡುವ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಪದ್ಧತಿ ನಮ್ಮ ನಗರ ಸ್ಥಳೀಯ ಸಂಸ್ಥೆಗಳಲ್ಲಿದೆ. ಆಯವ್ಯಯ ಪೂರ್ವಭಾವಿ ಸಭೆ ಎನ್ನುತ್ತಾರೆ. 2023ರ ಸಂಕ್ರಾಂತಿಗೆ ಎರಡು ದಿನ ಹೆಚ್ಚು ರಜೆ ಹಾಕಿ, ರಾತ್ರಿ ಬಸ್ ಹಿಡಿದು ಹೋದೆ. ಲ್ಯಾಪ್‌ಟಾಪ್‌ನಲ್ಲಿ ಹನ್ನೆರಡು ಸ್ಲೈಡ್ ಮಾಡಿಕೊಂಡಿದ್ದೆ.

ಸಭೆಗೆ ಬಂದವರು ಮೂವತ್ತು ಜನ ಇರಬಹುದು. ಬೀದಿನಾಯಿ, ಹಂದಿ, ಸ್ಮಶಾನದ ದಾರಿ, ಊರ ಬಾಗಿಲಿಗೆ ಸ್ವಾಗತ ಕಮಾನು. ತರಕಾರಿ ಮಾರುವ ಇಬ್ಬರು ಹೆಂಗಸರು ಎದ್ದು ನಿಂತು, ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಕೂರುತ್ತೇವೆ, ಒಂದು ಶೌಚಾಲಯ ಕಟ್ಟಿಸಿ ಅಂದರು. ಅರ್ಧ ನಿಮಿಷದಲ್ಲಿ ಮುಗಿಸಿದರು. ನನಗೆ ಹನ್ನೆರಡು ಸ್ಲೈಡ್ ಬೇಕಾಗಿದ್ದವು.

ನಾನು ಮಾತು ಶುರು ಮಾಡಿ ಎರಡನೇ ಸ್ಲೈಡಿಗೆ ಬಂದಾಗ ಒಬ್ಬ ಸದಸ್ಯರು ಕೇಳಿದರು: "ನಿಮ್ಮ ವೋಟು ಇಲ್ಲಿ ಐತೇನ್ರಿ?"

ಇಲ್ಲ. ನನ್ನ ವೋಟು ಪುಣೆಯಲ್ಲಿದೆ. ಸಭೆ ನಕ್ಕಿತು. ನನಗೆ ಕೋಪ ಬಂತು, ಆದರೆ ಆ ಪ್ರಶ್ನೆ ತಪ್ಪೆಂದು ಇವತ್ತಿಗೂ ಅನಿಸಿಲ್ಲ. ಆಗ ಹಿಂದಿನ ಸಾಲಿನಿಂದ ಅಪ್ಪ ಎದ್ದು ನಿಂತರು. "ನಂದು ಐತಿ. ಅವ ನನ್ನ ಪರವಾಗಿ ಮಾತಾಡಾಕತ್ತಾನ," ಅಂದರು. ಆ ಸದಸ್ಯರೂ ಅಪ್ಪನ ವಿದ್ಯಾರ್ಥಿಯೇ. ಕೂತರು.

ರಸ್ತೆ ತಗ್ಗಿಸಬೇಕು, ಚರಂಡಿ ಕಟ್ಟಬೇಕು ಎಂದು ನಾನು ಮುಗಿಸಿದೆ. ಎದುರು ಸಾಲಿನವರೊಬ್ಬರು ಎದ್ದು, ರಸ್ತೆ ತಗ್ಗಿಸಿದರೆ ನಮ್ಮ ಕಾರು ಹತ್ತುವುದು ಹೇಗೆ ಅಂದರು. ಕಿರಿಯ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು: "ಚರಂಡಿ ಕಟ್ಟೋಣ ಸರ್. ಆ ನೀರು ಎಲ್ಲಿಗೆ ಬಿಡಬೇಕು?"

ನನ್ನ ಹನ್ನೆರಡು ಸ್ಲೈಡ್‌ಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಕೊಟ್ಟದ್ದು ಬಾಗಿಲ ಬಳಿ ನಿಂತಿದ್ದ ನೀರುಗಂಟಿ, ನಲ್ಲಿ ನೀರು ಬಿಡುವ ಕೆಲಸದವರು. "ಗುಜರಿ ಅಂಗಡಿ ಮುಂದಿನ ಮೋರಿ ಬಂದ್ ಆಗೇತ್ರಿ. ಅದನ್ನ ತೆಗೀಲಾರದ ಎಷ್ಟ ಗಟಾರ ಕಟ್ಟಿದರೂ ನೀರು ಹೊಳ್ಳಿ ಬರತೈತಿ."

ಮರುದಿನ ಬೆಳಿಗ್ಗೆ ಅವರ ಜೊತೆ ನಡೆದೆ. ನಮ್ಮ ಬೀದಿಗೆ ನುಗ್ಗುವ ನೀರು ನಮ್ಮ ಬೀದಿಯದ್ದೇ ಅಲ್ಲ. ಮೇಲಿನ ಗುಡ್ಡದ ಕಡೆ ಆದ ಹೊಸ ಲೇಔಟಿನ ಚರಂಡಿಯನ್ನು ನಮ್ಮ ಹಳೆಯ ಗಟಾರಕ್ಕೆ ಸೇರಿಸಿಬಿಟ್ಟಿದ್ದಾರೆ. ಮುಂಚೆ ಅಲ್ಲಿ ಹೊಲಗಳಿದ್ದವು, ನೀರು ಇಂಗುತ್ತಿತ್ತು. ಕೆರೆಗೆ ಹೋಗಬೇಕಾದ ಮೋರಿಯ ಬಾಯಿಗೆ ಅಂಗಡಿಗಳ ಕಲ್ಲುಚಪ್ಪಡಿ, ಒಳಗೆ ಹೂಳು. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಬರೆದರು, ಮೊದಲನೆಯದೇ ನಗರ ಯೋಜನೆ. ಆದರೆ ಲೇಔಟಿನ ನಕ್ಷೆಗೆ ಒಪ್ಪಿಗೆ ಕೊಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಬೇರೆಯೇ ಪ್ರಾಧಿಕಾರ. ನಕ್ಷೆ ಒಂದು ಆಫೀಸಿನಲ್ಲಿ, ನೀರು ಇನ್ನೊಂದು ಆಫೀಸಿನ ತಲೆಯ ಮೇಲೆ.

ಒಂದು ಸಾಲು

ಮಾರ್ಚ್‌ನ ಬಜೆಟ್‌ನಲ್ಲಿ ಒಂದು ಸಾಲು ಬಂತು: ಮಳೆನೀರು ಚರಂಡಿ ಮತ್ತು ಮೋರಿ ದುರಸ್ತಿ. ಸಂತೆಯ ಶೌಚಾಲಯವೂ ಬಂತು, ಯಾಕೆಂದರೆ ಅದು ನೈರ್ಮಲ್ಯದ ಷರತ್ತಿನ ದುಡ್ಡಿಗೆ ಸರಿಯಾಗಿ ಹೊಂದುತ್ತಿತ್ತು. ಸ್ವಾಗತ ಕಮಾನೂ ಇತ್ತು. ನಾನು ಪುಣೆಯಲ್ಲಿ ಗೆಳೆಯರಿಗೆಲ್ಲ ಪೇಢಾ ಹಂಚಿದೆ.

ಬಜೆಟ್‌ನಲ್ಲಿ ಬಂದದ್ದು ಮತ್ತು ಬೀದಿಯಲ್ಲಿ ಆದದ್ದು ಎರಡೂ ಬೇರೆ ಎಂದು ಆಮೇಲೆ ಕಲಿತೆ. ಮಾರ್ಚ್ ಕೊನೆಗೆ ವಿಧಾನಸಭಾ ಚುನಾವಣೆಯ ನೀತಿಸಂಹಿತೆ. ಅದೇ ವರ್ಷ ಅಧ್ಯಕ್ಷರ ಮೊದಲ ಅವಧಿ ಮುಗಿಯಿತು. ಮುಂದಿನ ಅವಧಿಯ ಮೀಸಲಾತಿ ಪಟ್ಟಿಗೆ ರಾಜ್ಯದ ಊರೂರುಗಳು 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. 2018ರಲ್ಲಿ ಗೆದ್ದ ಸದಸ್ಯರೂ ಹೀಗೆಯೇ ಮೀಸಲಾತಿ ವ್ಯಾಜ್ಯದಿಂದ ಸುಮಾರು ಎರಡು ವರ್ಷ ಅಧ್ಯಕ್ಷರಿಲ್ಲದೆ ಕೂತಿದ್ದರು. ಅಷ್ಟೂ ದಿನ ಆಡಳಿತಾಧಿಕಾರಿಯೇ ಎಲ್ಲ. ಆ ಅಧಿಕಾರಿಗೆ ಇಂಥ ಹತ್ತು ಕೆಲಸ. ಕ್ರಿಯಾಯೋಜನೆಗೆ ಜಿಲ್ಲಾಮಟ್ಟದ ಒಪ್ಪಿಗೆ ತಡವಾಯಿತು. ಟೆಂಡರ್ ಕರೆದಾಗ ಯಾರೂ ಬರಲಿಲ್ಲ. ಮೋರಿ ತೋಡುವುದು ಸಣ್ಣ ಕೆಲಸ, ಲಾಭ ಕಡಿಮೆ, ಅಂಗಡಿಯವರ ಜೊತೆ ಜಗಳ ಹೆಚ್ಚು.

2024ರ ಮಳೆಗಾಲದಲ್ಲಿ ಒಂದು ರಾತ್ರಿ ಪಕ್ಕದ ಅಜ್ಜಿಯ ಮನೆಯ ಬೀದಿಬದಿಯ ಗೋಡೆ ಕುಸಿಯಿತು. ಅವರು ಹಿಂದಿನ ಕೋಣೆಯಲ್ಲಿ ಮಲಗಿದ್ದರಿಂದ ಉಳಿದರು. ಬೆಳಿಗ್ಗೆ ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ಆ ಹೊತ್ತಿಗೆ ನಮ್ಮ ಬಜೆಟ್ ಸಾಲಿಗೆ ಒಂದೂವರೆ ವರ್ಷವಾಗುತ್ತ ಬಂದಿತ್ತು.

ಮೋರಿಯ ಕೆಲಸ 2025ರ ಬೇಸಿಗೆಯಲ್ಲಿ ಆಯಿತು. ಆ ಮಳೆಗಾಲದಲ್ಲಿ ನೀರು ನಮ್ಮ ಹೊಸ್ತಿಲವರೆಗೆ ಬಂದು ನಿಂತಿತು, ಒಳಗೆ ಬರಲಿಲ್ಲ. ರಸ್ತೆ ಎಷ್ಟಿತ್ತೋ ಅಷ್ಟೇ ಎತ್ತರ ಇದೆ. ಮಂಡಿನೋವಿನ ಅಪ್ಪ ಮನೆಗೆ ಈಗಲೂ ಇಳಿದೇ ಹೋಗುತ್ತಾರೆ.

ನಾವು ಮಾಡಬಹುದಾದದ್ದು

ಮುಂಬೈ, ಹೈದರಾಬಾದ್, ಚೆನ್ನೈಯಲ್ಲಿರುವ ಗೆಳೆಯರು ಇದನ್ನು ಓದಿ "ನಮ್ಮೂರಲ್ಲೂ ಇದೇ ಕಥೆ" ಅನ್ನಬಹುದು. ಹಾಗಿದ್ದರೆ ಎರಡು ಮಾತು. ಬಜೆಟ್ ಮಂಡನೆಯಾದ ಮೇಲೆ ಬಯ್ಯುವುದಕ್ಕಿಂತ ಚಳಿಗಾಲದಲ್ಲೇ ಪೂರ್ವಭಾವಿ ಸಭೆ ಯಾವಾಗ ಎಂದು ಫೋನ್ ಮಾಡಿ ಕೇಳಿ. ನಿಮ್ಮ ಬೀದಿಗೆ ರಸ್ತೆ ಮಂಜೂರಾಗಿದ್ದರೆ ಅಂದಾಜು ಪಟ್ಟಿ ಕೇಳಿ, ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಅದರಲ್ಲಿ ಹಳೆಯ ರಸ್ತೆ ಅಗೆಯುವ ಬಾಬತ್ತು ಇದೆಯೇ, ಮುಗಿದ ಮೇಲೆ ರಸ್ತೆ ಎಷ್ಟು ಎತ್ತರ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಕಾಂಕ್ರೀಟ್ ಬಿದ್ದ ಮೇಲೆ ನೋಡಿ ಉಪಯೋಗವಿಲ್ಲ.

ಕಾಗದ ಓದುವುದು ನಮಗೆ ಬರುತ್ತದೆ, ಅದನ್ನು ದೂರದಿಂದಲೂ ಮಾಡಬಹುದು. ನೀರು ಎತ್ತ ಹರಿಯುತ್ತದೆ ಎಂಬುದು ಮಾತ್ರ ಅಲ್ಲಿ ಇದ್ದವರಿಗೇ ಗೊತ್ತು. ನಾನು ಮೊದಲ ದಿನವೇ ನೀರುಗಂಟಿಯನ್ನು ಕೇಳಿದ್ದರೆ ಸ್ಲೈಡ್ ಮಾಡುವ ಎರಡು ರಾತ್ರಿ ಉಳಿಯುತ್ತಿತ್ತು.

ಮುಂದಿನ ಸಲದ ಪೂರ್ವಭಾವಿ ಸಭೆಗೆ ನನಗೆ ರಜೆ ಸಿಗಲಿಲ್ಲ. ಅಪ್ಪ ಒಬ್ಬರೇ ಹೋಗಿದ್ದರು. ಏನು ಕೇಳಿದಿರಿ ಅಂದೆ.

"ಪ್ರತಿ ವರ್ಷ ಮಳಿಗಿಂತ ಮೊದಲ ಮೋರಿ ಹೂಳು ತೆಗೀಬೇಕು, ಅದಕ್ಕ ಬ್ಯಾರೆ ದುಡ್ಡು ಇಡ್ರಿ ಅಂದೆ. ಆ ಅಜ್ಜಿ ಗ್ವಾಡಿ ವಿಚಾರಾನೂ ಹೇಳಿದೆ."

"ಏನಂದರು?"

"ಬರಕೊಂಡ್ರು. ತೆಗದ ಮ್ಯಾಲ ಫೋನ್ ಮಾಡತೀನಿ."