ವರ್ಷಪೂರ್ತಿ ಹೂ ಬೇಕಾ? ತಿಂಗಳು ನೋಡಿ ಗಿಡ ಹಾಕಿ

ಮಾಕಳಿ: ನರ್ಸರಿಗೆ ಹೋದ್ರೆ ನಾವೆಲ್ಲ ಅವತ್ತು ಹೂ ಬಿಟ್ಟಿರೋ ಗಿಡಾನೇ ತರ್ತೀವಿ. ಅವು ಒಟ್ಟಿಗೇ ಅರಳಿ ಒಟ್ಟಿಗೇ ಮುಗಿಯುತ್ತವೆ. ಹಬ್ಬ ಬಂದಾಗ ಮತ್ತೆ ದುಬಾರಿ ಬೆಲೆಗೆ ಮಾರು ಹೂ ತರಬೇಕು.

1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು. ಅದೇ ಲೆಕ್ಕ ತುಮಕೂರು ರಸ್ತೆ ಪಕ್ಕದ ಅಂಗಡಿ ಮುಂದಿನ ಕುಂಡಕ್ಕೂ ಆಗುತ್ತೆ.

ಡಿಸೆಂಬರ್ ಹೊತ್ತಿಗೆ ದುಂಡುಮಲ್ಲಿಗೆ ಸವರಿದರೆ ಬೇಸಿಗೆಯಲ್ಲಿ ಹೂ. ಮಳೆಗಾಲಕ್ಕೆ ಸುಗಂಧರಾಜ. ಜುಲೈ ಕೊನೆಗೆ ಚೆಂಡುಹೂ ಬೀಜ ಹಾಕಿದರೆ ಸುಮಾರು ಎರಡು ತಿಂಗಳಿಗೆ, ಆಯುಧಪೂಜೆ ಹೊತ್ತಿಗೆ ಹೂ ಸಿಗುತ್ತೆ. ಹಗಲು ಚಿಕ್ಕದಾದ ಮೇಲೆ ಸೇವಂತಿಗೆ. ನಡುವೆ ಖಾಲಿ ಬೀಳದಂತೆ ಕನಕಾಂಬರ, ದಾಸವಾಳ ಇರಲಿ. ಕುಂಡ ಇಡೋ ಜಾಗಕ್ಕೆ ಐದಾರು ಗಂಟೆ ಬಿಸಿಲು ಬೀಳುತ್ತಾ, ಮೊದಲು ಅದನ್ನು ನೋಡಿಕೊಳ್ಳಿ.